ಅರಿಶಿನವೂ ಜೀವಕೋಶದ ಮುಪ್ಪೂ

ಅರಿಶಿನ ಮುಪ್ಪನ್ನು ತಡೆಯುತ್ತದೆ ಎಂಬ ನಂಬಿಕೆ, ಅದನ್ನು ಬೆಳೆಯುವ ಚಾಮರಾಜನಗರ, ಗುಂಡ್ಲುಪೇಟೆಗಳಿಂದ ಹಿಡಿದು ಮಾತ್ರೆ ಮಾರುವ ಮಹಾನಗರಗಳವರೆಗೆ ಹಬ್ಬಿದೆ. ಅದರ ಹಳದಿ ಅಂಶವಾದ ಕರ್ಕ್ಯುಮಿನ್, ಹಾನಿಕಾರಕ ಫ್ರೀ ರ‍್ಯಾಡಿಕಲ್‌ಗಳನ್ನು ನೇರವಾಗಿ ನಾಶಮಾಡುತ್ತದೆ ಎಂಬುದು ಇದಕ್ಕೆ ಕೊಡುವ ಕಾರಣ.

ಪ್ರನಾಳದಲ್ಲಿ ಹಾಗಾಗುವುದುಂಟು. ಜೀವಕೋಶದ ದಾರಿ ಬೇರೆ. ಅಲ್ಲಿ ಎನ್‌ಆರ್‌ಎಫ್‌2 ಎಂಬ ಪ್ರೋಟೀನ್ ಸದಾ ತಯಾರಾಗುತ್ತ, ಅಷ್ಟೇ ಬೇಗ ನಾಶವಾಗುತ್ತಿರುತ್ತದೆ. ಸುಮಾರು 20 ನಿಮಿಷದಲ್ಲಿ ಅರ್ಧ ಕರಗುತ್ತದೆ. ಕೀಪ್‌1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದಿಟ್ಟು, ಯುಬಿಕ್ವಿಟಿನ್ ಎಂಬ ಗುರುತು ಬೀಳುವಂತೆ ಮಾಡುತ್ತದೆ. ಗುರುತು ಬಿದ್ದದ್ದನ್ನು ಪ್ರೋಟಿಯಸೋಮ್ ತುಂಡರಿಸುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಕೀಪ್‌1ರಲ್ಲಿ ಗಂಧಕವಿರುವ ಸಿಸ್ಟೀನ್‌ಗಳಿಗೆ ಕರ್ಕ್ಯುಮಿನ್ ಅಂಟಿಕೊಂಡರೆ ಆ ಹಿಡಿತ ಸಡಿಲವಾಗುತ್ತದೆ. ಉಳಿದುಕೊಂಡ ಎನ್‌ಆರ್‌ಎಫ್‌2 ಕೋಶಕೇಂದ್ರವನ್ನು ಸೇರಿ ರಕ್ಷಕ ಕಿಣ್ವಗಳ ಜೀನ್‌ಗಳನ್ನು, ಜೊತೆಗೆ ಪ್ರೋಟಿಯಸೋಮಿನ ಭಾಗಗಳ ಜೀನ್‌ಗಳನ್ನೂ ಚಾಲೂ ಮಾಡುತ್ತದೆ. ಕಾಪಾಡುವುದು ಕೋಶದ್ದೇ ಕಿಣ್ವಗಳು. ಕರ್ಕ್ಯುಮಿನ್ ಎಬ್ಬಿಸುತ್ತದೆ, ಅಷ್ಟೆ. ವಯಸ್ಸಾದಂತೆ ಪ್ರೋಟಿಯಸೋಮಿನ ಕಸುವು ಕುಂದಿ, ಕೆಟ್ಟ ಪ್ರೋಟೀನ್‌ಗಳು ಕೋಶದಲ್ಲಿ ಶೇಖರವಾಗುವುದರಿಂದ ವಿಜ್ಞಾನಿಗಳಿಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಸಹಜವೇ.

ದಿನಾ ಅಡುಗೆಗೆ ಹಾಕುವ ಅರಿಶಿನವೇ ಇದಕ್ಕೆ ಸಾಕು ಎಂಬುದು ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು, 3 ಗ್ರಾಂನ ಒಂದು ಚಮಚದಲ್ಲಿ ಸುಮಾರು 90 ಮಿಲಿಗ್ರಾಂ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲೂ ಅದು ಕಂಡೂ ಕಾಣದಷ್ಟಿತ್ತು. ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಜೊತೆಗೆ ಕೊಟ್ಟಾಗ ಹೀರಿಕೆ ಸುಮಾರು 20 ಪಟ್ಟು ಏರಿತು. ಅರಿಶಿನದ ಹಾಲಿಗೆ ಮೆಣಸು ಹಾಕುವ ರೂಢಿಗೆ ಇಷ್ಟರ ಮಟ್ಟಿಗೆ ಆಧಾರವಿದೆ. ಆದರೆ ಕರ್ಕ್ಯುಮಿನ್‌ನಿಂದ ಮನುಷ್ಯರ ಆಯುಷ್ಯ ಹೆಚ್ಚಿತೆಂದು ಯಾವ ಪ್ರಯೋಗವೂ ಸಾಬೀತುಮಾಡಿಲ್ಲ.

ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ಇನ್ನೂ ಅಪಾಯದ ಮಾತು. ಕೀಪ್‌1 ಕೆಟ್ಟು ಎನ್‌ಆರ್‌ಎಫ್‌2 ಅಂಕೆ ಮೀರಿದಾಗ ಅದರ ರಕ್ಷಣೆ ಕ್ಯಾನ್ಸರ್ ಕೋಶಗಳಿಗೂ ಸಿಗುತ್ತದೆ. ಕೆಲವು ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಇದೇ ಆಗಿರುತ್ತದೆ. ಹೀರಿಕೆ ಹೆಚ್ಚಿಸಿದ ಅರಿಶಿನದ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ.

ಬಣ್ಣ ಗಾಢವಾದಷ್ಟೂ ಗುಣ ಹೆಚ್ಚು ಎಂದೂ ನಂಬುವವರಿದ್ದಾರೆ. ಕೊಂಬನ್ನು ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿದಾಗ ಸಹಜವಾಗಿಯೇ ಹೊಳಪು ಬರುತ್ತದೆ. ಕಣ್ಣು ಕುಕ್ಕುವ ಹಳದಿಯ ಹಿಂದೆ ಸೀಸದ ಕ್ರೋಮೇಟ್ ಕಲಬೆರಕೆಯೂ ಇರಬಹುದು. ಸೀಸವೂ ಸಿಸ್ಟೀನ್‌ನ ಗಂಧಕಕ್ಕೇ ಅಂಟುತ್ತದೆ, ಆದರೆ ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಕಿಣ್ವವೊಂದನ್ನು ನಿಷ್ಕ್ರಿಯಗೊಳಿಸಿ ರಕ್ತಹೀನತೆ ತರುತ್ತದೆ.