ರಾತ್ರಿ ನೀರು ಹಾಯಿಸೋರಿಗೆ ಹಗುರ ಜಾಕೆಟ್: ಗುಡ್ಡಗಾಡಿನ ಬೇಟೆಗಾರರ ಉಡುಪಿನಿಂದ ನಾವೇನು ಕಲೀಬಹುದು?

ಡಿಸೆಂಬರ್, ಜನವರಿ ಬಂತು ಅಂದ್ರೆ ಹಿಂಗಾರಿ ಬೆಳೆಗೆ ನೀರು ಹಾಯಿಸೋ ಕೆಲಸ ಎಷ್ಟೋ ಕಡೆ ರಾತ್ರಿಗೇ ಬೀಳುತ್ತದೆ. ತ್ರೀ-ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಕೊಟ್ಟರೆ ಬೇರೆ ದಾರಿ ಏನಿದೆ? ಇನ್ನು ಕಾಡಂಚಿನ ಊರುಗಳಲ್ಲಿ ಮುಸುಕಿನ ಜೋಳಕ್ಕೋ ಕಬ್ಬಿಗೋ ಹಂದಿ ನುಗ್ಗದಂತೆ ಅಟ್ಟಣೆ ಮೇಲೆ ಕೂತು ಕಾಯಬೇಕು. ಬೀದರ್, ವಿಜಯಪುರದ ಕಡೆ ಮಾಗಿ ಚಳಿಯಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯೋದು ಹೊಸದೇನಲ್ಲ. ಅದರ ಮೇಲೆ ಒದ್ದೆ ಕಾಲು, ಬಯಲ ಗಾಳಿ, ಇಬ್ಬನಿ.

ಈ ಕೆಲಸಕ್ಕೆ ಏನು ಹಾಕ್ಕೊಳ್ತೀವಿ ಅಂತ ನಾವು ಅಷ್ಟಾಗಿ ಯೋಚಿಸೋದಿಲ್ಲ. ಹಳೆ ಸ್ವೆಟರ್, ತಲೆಗೊಂದು ಟವೆಲ್, ಅಷ್ಟೇ. ಆದರೆ ಇದೇ ಕಷ್ಟವನ್ನು ಕೂತು ಲೆಕ್ಕ ಹಾಕಿ ಬಗೆಹರಿಸಿಕೊಂಡವರು ಇನ್ನೊಂದು ಕಡೆ ಇದ್ದಾರೆ. ಅಮೆರಿಕದ ಕೊಲರಾಡೊ, ಮೊಂಟಾನಾದಂಥ ಬೆಟ್ಟಗಾಡಿನಲ್ಲಿ ದಿನಗಟ್ಟಲೆ ಸಾಮಾನು ಬೆನ್ನಿಗೆ ಹೊತ್ತು, ಎಲ್ಕ್ ಎನ್ನುವ ದೊಡ್ಡ ಜಿಂಕೆಯ ಹಿಂದೆ ತಿರುಗುವ ಬೇಟೆಗಾರರು ಅವರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಆ ಮಾತು ಬಿಡಿ. ನಮಗೆ ಬೇಕಾಗಿರೋದು ಅವರ ಜಾಕೆಟ್ ವಿಚಾರ ಮಾತ್ರ.

ಅವರ ದಿನ ಹೇಗಿರುತ್ತೆ ನೋಡಿ. ಒಂದೆರಡು ಗಂಟೆ ಗುಡ್ಡ ಹತ್ತುತ್ತಾರೆ, ಮೈಯೆಲ್ಲ ಬೆವರು. ಮೇಲೆ ಹೋಗಿ ದುರ್ಬೀನು ಹಿಡಿದು ಗಾಳಿಯಲ್ಲಿ ಅಲ್ಲಾಡದೆ ಗಂಟೆಗಟ್ಟಲೆ ಕೂರುತ್ತಾರೆ. ಆಗ ಬೆವರಿದ ಬಟ್ಟೆ ತಣ್ಣಗಾಗಿ ಮೈ ನಡುಗೋಕೆ ಶುರು. ನಮ್ಮದೂ ಹಾಗೇ ಅಲ್ವಾ? ಸಲಿಕೆ ಹಿಡಿದು ಬದು ಕಟ್ಟುವಾಗ, ಮಡಿಯಿಂದ ಮಡಿಗೆ ನೀರು ತಿರುಗಿಸುವಾಗ ಬೆವರು. ಆಮೇಲೆ ಆ ಸಾಲು ತುಂಬೋವರೆಗೆ ಸುಮ್ಮನೆ ಕೂರೋದು. ಚಳಿ ಹಿಡಿಯೋದು ಕೂತಾಗಲೇ.

ಬೆಚ್ಚಗಿಡೋದು ಬಟ್ಟೆಯಲ್ಲ, ಗಾಳಿ

ಹೊಸ ಹತ್ತಿಯ ಹಾಸಿಗೆ ಉಬ್ಬಿಕೊಂಡಿದ್ದಾಗ ಎಷ್ಟು ಬೆಚ್ಚಗಿರುತ್ತೆ, ಅದೇ ಹತ್ತಿ ನಾಲ್ಕು ವರ್ಷ ಕಳೆದು ಗಂಟು ಕಟ್ಟಿದರೆ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಹತ್ತಿ ಅದೇ, ತೂಕ ಅದೇ. ಕಮ್ಮಿ ಆಗಿದ್ದು ಒಳಗಿನ ಗಾಳಿ. ಅಲ್ಲಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಬಿಟ್ಟುಕೊಡುತ್ತದೆ. ಅಜ್ಜಿ ಹೊಲೆದ ಕೌದಿಯ ಪದರಗಳ ನಡುವೆ ಇರೋದೂ ಅದೇ ಗಾಳಿ. ಹಗುರ ಜಾಕೆಟ್ ಮಾಡೋದು ಇಷ್ಟೇ: ಕಡಿಮೆ ತೂಕದ ಎಳೆಗಳಲ್ಲಿ ಹೆಚ್ಚು ಗಾಳಿ ಹಿಡಿದಿಟ್ಟು, ಅದು ಹಾರಿಹೋಗದಂತೆ ಹೊರಗೊಂದು ತೆಳು ನೈಲಾನ್ ಹೊದಿಕೆ ಹಾಕೋದು. ಅದಕ್ಕೇ ಅರ್ಧ ಕಿಲೋಗಿಂತ ಕಡಿಮೆ ತೂಕದ ಜಾಕೆಟ್ ಭಾರದ ಸ್ವೆಟರ್‌ಗಿಂತ ಬೆಚ್ಚಗಿರಬಲ್ಲದು. ಸ್ವೆಟರ್‌ನ ಹೆಣಿಗೆಯ ಕಣ್ಣುಗಳಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತೆ.

ನೀರು ಇದಕ್ಕೆ ಪೂರಾ ಉಲ್ಟಾ. ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈ ಶಾಖವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಒದ್ದೆ ಬಟ್ಟೆ ಹಾಕಿಕೊಂಡಿರೋದಕ್ಕಿಂತ ಒಣಗಿದ ತೆಳು ಬಟ್ಟೆ ಮೇಲು.

ಈ ಜಾಕೆಟ್ ಹುಟ್ಟಿದ್ದೂ ಒದ್ದೆಯಾದ ಚಳಿಯಿಂದಲೇ. ಸಿಯಾಟಲ್‌ನಲ್ಲಿ ಕ್ರೀಡಾ ಸಾಮಾನಿನ ಅಂಗಡಿ ಇಟ್ಟಿದ್ದ ಎಡ್ಡಿ ಬೌಯರ್ ಚಳಿಗಾಲದಲ್ಲಿ ಮೀನು ಹಿಡಿಯಲು ಹೋಗಿ ಮೈ ತಣ್ಣಗಾಗಿ ಸಾಯೋ ಹಂತಕ್ಕೆ ಹೋಗಿದ್ದರು. ಆಮೇಲೆ ಹಕ್ಕಿಯ ಮೆತ್ತನೆ ತುಪ್ಪಳ ತುಂಬಿ, ಅದು ಒಂದೇ ಕಡೆ ಜಾರದಂತೆ ಪಟ್ಟಿ ಪಟ್ಟಿಯಾಗಿ ಹೊಲಿದ ಜಾಕೆಟ್ ಮಾಡಿ 1936ರಲ್ಲಿ ಮಾರಾಟಕ್ಕಿಟ್ಟರು, 1940ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಈಗ ಸಂತೆಯಲ್ಲೂ ಸಿಗುವ ಪಟ್ಟಿ ಪಟ್ಟಿ ಜಾಕೆಟ್‌ಗಳೆಲ್ಲ ಅದರ ಮರಿಗಳೇ.

ಆದರೆ ತುಪ್ಪಳಕ್ಕೆ ಒಂದು ದೊಡ್ಡ ಕೊರತೆ ಇದೆ. ನೆಂದರೆ ಮುದ್ದೆಯಾಗುತ್ತೆ, ಆಗ ಗಾಳಿಯೂ ಇಲ್ಲ, ಬಿಸಿಯೂ ಇಲ್ಲ. ಒಣಗೋಕೂ ಬಹಳ ಹೊತ್ತು ಬೇಕು. 1980ರ ದಶಕದಲ್ಲಿ ಅಮೆರಿಕದ ಸೇನೆಗೆ ನೆಂದರೂ ಬೆಚ್ಚಗಿಡುವ ಬದಲಿ ವಸ್ತು ಬೇಕಾಯಿತು. ಹಾಗೆ ಬಂದದ್ದು ಪ್ರೈಮಾಲಾಫ್ಟ್ ಎನ್ನುವ ಅತಿ ಸಣ್ಣ ಪಾಲಿಯೆಸ್ಟರ್ ಎಳೆ. ಇವತ್ತು ಅದೇ ಥರದ ಫೈಬರ್ ತುಂಬಿದ ಜಾಕೆಟ್‌ಗಳು ಹಲವು ಹೆಸರಿನಲ್ಲಿ, ಹಲವು ಬೆಲೆಯಲ್ಲಿ ಸಿಗುತ್ತವೆ. ನೀರಲ್ಲೇ ಓಡಾಡುವ ನಮಗೆ ತುಪ್ಪಳದ್ದು ಬೇಡ, ಫೈಬರ್‌ದೇ ಸರಿ. ಬೆಲೆಯೂ ಸಾಮಾನ್ಯವಾಗಿ ಕಮ್ಮಿ.

ಫೋನಲ್ಲಿ ನೋಡಿ ಕೊಳ್ಳುವಾಗ

ಫೋಟೊ ನೋಡಿ ಆರ್ಡರ್ ಮಾಡಬೇಡಿ, ಕೆಳಗೆ ಬರೆದ ವಿವರ ಓದಿ. ಒಳಗೆ ಏನು ತುಂಬಿದೆ, ಎಷ್ಟು ಜಿಎಸ್‌ಎಂ, ಒಟ್ಟು ತೂಕ ಎಷ್ಟು ಅಂತ ಇರಬೇಕು. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್‌ನಲ್ಲಿ ಎಷ್ಟು ಗ್ರಾಂ ಫೈಬರ್ ಇದೆ ಅನ್ನೋದು. ನಮ್ಮ ಬಯಲುಸೀಮೆ ಚಳಿಗೆ 60ರಿಂದ 100 ಇದ್ದರೆ ಧಾರಾಳ ಸಾಕು. ಈ ವಿವರ ಯಾವುದೂ ಇಲ್ಲದೆ ಬರೀ ಹಿಮಾಲಯದ ಚಿತ್ರ ಹಾಕಿದ್ದರೆ ಮುಂದೆ ಹೋಗಿ. ಒಳಗೊಂದು ಅಂಗಿ ಹಿಡಿಯುವಷ್ಟು ಸಡಿಲ ಇರಲಿ. ಬಿಗಿಯಾದರೆ ಫೈಬರ್ ಅಮುಕಿ ಗಾಳಿ ಹೊರಗೆ ಹೋಗುತ್ತೆ. ಮುಂಜಾನೆ ಡೈರಿಗೆ ಬೈಕಲ್ಲಿ ಹಾಲು ಒಯ್ಯೋರಾದರೆ ಮಣಿಕಟ್ಟು ಮತ್ತು ಕತ್ತಿನ ಹತ್ತಿರ ಸರಿಯಾಗಿ ಕೂರುತ್ತದಾ ಅಂತ ನೋಡಿ, ಗಾಳಿ ನುಗ್ಗೋದು ಅಲ್ಲಿಂದಲೇ.

ಬಣ್ಣದ ವಿಚಾರದಲ್ಲಿ ಒಂದು ಮಾತು. ಸೈನಿಕರ ಥರ ಕಾಣೋ ಎಲೆ-ಮಣ್ಣಿನ ಬಣ್ಣದ್ದು ಹುಡುಗರಿಗೆ ಇಷ್ಟ. ಆದರೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬಂದೂಕು ಹಿಡಿದ ಬೇಟೆಗಾರರೇ ಹೊಳೆಯುವ ಕೇಸರಿ ಬಣ್ಣ ಹಾಕಬೇಕು ಅಂತ ಕಾನೂನಿದೆ, ಇನ್ನೊಬ್ಬ ಪ್ರಾಣಿ ಅಂದುಕೊಂಡು ಗುಂಡು ಹಾರಿಸಬಾರದು ಅಂತ. ರಾತ್ರಿ ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವ ರಸ್ತೆಯಲ್ಲಿ ನಡೆಯೋ ನಮಗೂ ತಿಳಿ ಬಣ್ಣವೇ ಒಳ್ಳೇದು. ಬೆನ್ನಿಗೆ ಒಂದು ಹೊಳೆಯುವ ಪಟ್ಟಿ ಅಂಟಿಸಿದರೆ ಇನ್ನೂ ಒಳ್ಳೇದು.

ಹಾಕೋ ಹೊತ್ತು, ಬಿಚ್ಚೋ ಹೊತ್ತು

ಬೇಟೆಗಾರರಿಂದ ಕಲಿಯಬೇಕಾದ ಮುಖ್ಯ ವಿಷಯ ಇದೇ. ಕೆಲಸ ಮಾಡುವಾಗ ಜಾಕೆಟ್ ಹಾಕಬೇಡಿ. ಸ್ವಲ್ಪ ಚಳಿ ಆಗ್ತಿದೆ ಅನ್ನಿಸುವಾಗಲೇ ಸಲಿಕೆ ಹಿಡಿಯಿರಿ, ಹತ್ತು ನಿಮಿಷದಲ್ಲಿ ಮೈ ತಾನೇ ಬಿಸಿಯಾಗುತ್ತೆ. ಜಾಕೆಟ್ ಒಣ ಜಾಗದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಕೂರೋಕೆ ಮುಂಚೆ, ಮೈ ಇನ್ನೂ ಬಿಸಿ ಇರುವಾಗಲೇ ಹಾಕಿಕೊಳ್ಳಿ. ಜಾಕೆಟ್ ತಾನಾಗಿ ಶಾಖ ಕೊಡೋದಿಲ್ಲ, ಇರೋದನ್ನು ಕಾಯುತ್ತೆ ಅಷ್ಟೇ. ನಡುಗೋಕೆ ಶುರುವಾದ ಮೇಲೆ ಹಾಕಿದರೆ ಬೆಚ್ಚಗಾಗಲು ತಡ.

ಒಳಗೆ ಹತ್ತಿ ಬನಿಯನ್ ಬೇಡ. ಅದು ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತೆ. ಊರ ಕ್ರಿಕೆಟ್ ಟೂರ್ನಮೆಂಟಲ್ಲಿ ಕೊಟ್ಟ ಪಾಲಿಯೆಸ್ಟರ್ ಟೀ-ಶರ್ಟ್ ಇರುತ್ತಲ್ಲ, ಈ ಕೆಲಸಕ್ಕೆ ಅದೇ ಸರಿ, ಬೇಗ ಒಣಗುತ್ತೆ. ಬದಲಿಗೆ ಒಂದು ಒಣ ಅಂಗಿ, ಒಂದು ಜೊತೆ ಸಾಕ್ಸ್ ಆ ಚೀಲದಲ್ಲೇ ಇರಲಿ.

ಕಾವಲು ಕೂರೋರು ಟೊಪ್ಪಿಗೆ ಇರುವ ಜಾಕೆಟ್ ಕೊಂಡರೆ ಎಚ್ಚರ. ತಲೆ ಮುಚ್ಚಿಕೊಂಡರೆ ಕಿವಿ ಮಂದ, ಅಕ್ಕಪಕ್ಕ ಕಾಣೋದಿಲ್ಲ, ಜೊತೆಗೆ ನೈಲಾನ್‌ನ ಸರಸರ ಸದ್ದು. ಸಕಲೇಶಪುರ, ಕೊಡಗಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಆನೆ ಸದ್ದಿಲ್ಲದೆ ಬರುತ್ತೆ. ಅಲ್ಲಿ ಕಿವಿ ಬಿಟ್ಟು ತಲೆಗೆ ಉಲನ್ ಟೋಪಿ ಸಾಕು.

ಬೆಂಕಿ ಹತ್ತಿರ ಕಂಬಳಿಯೇ ಸೈ

ಈ ಜಾಕೆಟ್‌ನ ದೊಡ್ಡ ಅಪಾಯ ಇಲ್ಲಿದೆ. ಪಾಲಿಯೆಸ್ಟರ್ 250 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಕೆಂಡ ಅದಕ್ಕಿಂತ ಎಷ್ಟೋ ಬಿಸಿ. ಕಿಡಿ ಸಿಡಿದರೆ ತೂತು ಬೀಳೋದು ಸಣ್ಣ ವಿಷಯ. ಬೆಂಕಿ ಹತ್ತಿಕೊಂಡರೆ ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡು ಆಳವಾಗಿ ಸುಡುತ್ತೆ. ಸೋಗೆ ರಾಶಿ ಹಾಕಿ ಬೆಂಕಿ ಕಾಯಿಸುವಾಗ ಜಾಕೆಟ್ ಬಿಚ್ಚಿಡಿ, ಇಲ್ಲವೇ ಮೇಲೆ ಕಂಬಳಿ ಹೊದೆಯಿರಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಕರಗೋದಿಲ್ಲ, ಸುಲಭಕ್ಕೆ ಉರಿಯೋದೂ ಇಲ್ಲ, ನೆಂದರೂ ಸುಮಾರು ಬೆಚ್ಚಗಿರುತ್ತೆ. ಭಾರ ಅನ್ನೋದೊಂದೇ ಅದರ ಕಷ್ಟ. ಕೂತಲ್ಲೇ ಇರೋರಿಗೆ ಭಾರವೇನು? ಕಂಬಳಿ ಇದ್ದರೆ ಜಾಕೆಟ್ ಬಂತು ಅಂತ ಮೂಲೆಗೆ ಹಾಕಬೇಡಿ.

ಮೋಟಾರ್ ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗೆ ಕೆಂಡದ ಬಾಂಡ್ಲಿ ಇಟ್ಟು ಮಲಗೋದಂತೂ ಬೇಡವೇ ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ಚಳಿಗೆ ಅಂತ ಒಂದು ಪೆಗ್ ಹಾಕೋದೂ ಹಾಗೇ, ಚರ್ಮಕ್ಕೆ ರಕ್ತ ಬಂದು ಬೆಚ್ಚಗೆ ಅನಿಸುತ್ತೆ, ಒಳಗಿನ ಶಾಖ ಹೊರಗೆ ಹೋಗಿರುತ್ತೆ.

ಜೊತೆಗಿರೋರು ಬಿಡದೆ ನಡುಗುತ್ತಿದ್ದರೆ, ಟಾರ್ಚ್ ಸ್ವಿಚ್ ಒತ್ತೋಕೂ ಬೆರಳು ಬಾರದಿದ್ದರೆ, ಮಾತು ತೊದಲಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ, ಜಾಕೆಟ್, ಕಂಬಳಿ ಎಲ್ಲ ಹೊದಿಸಿ, ಎಚ್ಚರ ಸರಿಯಿದ್ದರೆ ಬಿಸಿ ಸಿಹಿ ಚಹಾ ಕೊಡಿ. ನಡುಕ ನಿಂತು ಮಂಪರು ಬಂದರೆ ಅದು ಸುಧಾರಿಸಿದ ಲಕ್ಷಣ ಅಲ್ಲ, ತಕ್ಷಣ 108ಕ್ಕೆ ಫೋನ್ ಮಾಡಿ.

ಇನ್ನು ಜಾಕೆಟ್ ಬಾಳಿಕೆ. ಜಾಲಿ ಮುಳ್ಳು ತಾಗಿದರೆ ತೆಳು ನೈಲಾನ್ ಚರ್ರನೆ ಹರಿಯುತ್ತೆ, ಹಾಗಾಗಿ ಮೇಲೊಂದು ಸಡಿಲವಾದ ಹಳೆ ತುಂಬು ತೋಳಿನ ಅಂಗಿ ಹಾಕಿ. ಹರಿದ ಕಡೆ ಒರೆಸಿ, ಒಣಗಿಸಿ ಬಟ್ಟೆ ಟೇಪ್ ಅಂಟಿಸಿದರೆ ಆ ಸೀಸನ್ ಸಾಗುತ್ತೆ. ಔಷಧಿ ಹೊಡೆಯುವಾಗ ಇದನ್ನು ಹಾಕಲೇಬೇಡಿ. ತೊಳೆಯುವಾಗ ಸ್ವಲ್ಪವೇ ಸೋಪು, ತಣ್ಣೀರು. ಹಿಂಡದೆ, ಬಂಡೆಗೆ ಬಡಿಯದೆ ನೆರಳಲ್ಲಿ ಒಣಗಿಸಿ. ಬೇಸಿಗೆಯಲ್ಲಿ ಮಡಚಿ ಅಮುಕಿ ಟ್ರಂಕಿಗೆ ತುರುಕಬೇಡಿ, ಗೂಟಕ್ಕೆ ನೇತುಹಾಕಿ.