ಅರಬ್ಬಿ ಖುತ್ಬಾಗಳ ಅಲಂಕಾರ ಮತ್ತು ಕನ್ನಡ ಅನುವಾದದ ಸಮಸ್ಯೆ

ಶುಕ್ರವಾರ ಮಧ್ಯಾಹ್ನ ಕರ್ನಾಟಕದ ಮಸೀದಿಗಳಲ್ಲಿ ಕೇಳಿಬರುವ ಅರಬ್ಬಿ ಖುತ್ಬಾವನ್ನು ಪದಶಃ ಅರಿಯಬಲ್ಲವರು ಸಭೆಯಲ್ಲಿ ಕೆಲವರೇ. ಅರ್ಥವನ್ನು ಉರ್ದು, ಬ್ಯಾರಿ ಅಥವಾ ಕನ್ನಡದ ಪ್ರವಚನ ತಿಳಿಸಿಕೊಡುತ್ತದೆ. ಲಯ ಮಾತ್ರ ಅರಬ್ಬಿಯಲ್ಲಿಯೇ ಉಳಿಯುತ್ತದೆ. ಹೀಗೆ ಬೇರ್ಪಟ್ಟ ಅರ್ಥ ಮತ್ತು ನಾದಗಳನ್ನು ಒಂದೇ ಕನ್ನಡ ವಾಕ್ಯದಲ್ಲಿ ಕೂಡಿಸಲು ಸಾಧ್ಯವೇ?

ಈ ಪ್ರಶ್ನೆಯ ಪರಿಶೀಲನೆಗೆ ‘ನಹ್ಜುಲ್ ಬಲಾಗ’ ಉತ್ತಮ ಆಕರ. ಹಜರತ್ ಅಲಿಯವರ ಹೆಸರಿನಲ್ಲಿ ಪ್ರಚಲಿತವಾಗಿದ್ದ ಖುತ್ಬಾ, ಪತ್ರ, ಸೂಕ್ತಿಗಳನ್ನು ಬಗ್ದಾದಿನ ಕವಿ ಷರೀಫ್ ರಜೀ ಹಿಜರಿ 400ರಲ್ಲಿ, ಅಂದರೆ ಕ್ರಿ.ಶ. 1010ರ ಸುಮಾರಿಗೆ, ಸಂಕಲಿಸಿದನು. ಎಲ್ಲವೂ ಅಲಿಯವರವೇ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೆ ವಾಗ್ಮಿತೆಯೇ ಸಂಕಲನಕಾರನ ಒರೆಗಲ್ಲಾಗಿದ್ದುದರಿಂದ ಅಲಂಕಾರದ ಅಧ್ಯಯನಕ್ಕೆ ಅದು ತೊಡಕಾಗದು. ಗೌರಿಬಿದನೂರು ತಾಲ್ಲೂಕಿನ ಅಲಿಪುರದಂತಹ ಷಿಯಾ ನೆಲೆಗಳಿಗೆ ಇದು ಪೂಜ್ಯ ಗ್ರಂಥ.

ಇದರ ಮೂರನೆಯ ಖುತ್ಬಾದಲ್ಲಿ ಅಲಿಯವರು ಖಿಲಾಫತ್ತಿನಲ್ಲಿ ತಮಗಿರುವ ಸ್ಥಾನವನ್ನು ಬೀಸುವ ಕಲ್ಲಿನ ನಡುವಣ ಗೂಟಕ್ಕೆ ಹೋಲಿಸಿದ್ದಾರೆ. ರಾಗಿ ಬೀಸಿದ ನಾಡಿಗೆ ಈ ಉಪಮೆಯ ವಿವರಣೆ ಬೇಡ. ಗೂಟ ಕಳಚಿದರೆ ಮೇಲಿನ ಕಲ್ಲು ದಿಕ್ಕುಗೆಡುವುದನ್ನು ನಮ್ಮ ಅಜ್ಜಿಯರು ಬಲ್ಲರು. (ಬೆಂಗಳೂರಿನೊಳಗೆ ಸೇರಿಹೋದ ಚಿಕ್ಕಲಸಂದ್ರದಂತಹ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿಯ ಕಾಲದಲ್ಲಿ ಬೆಳೆದ ಮೊಮ್ಮಕ್ಕಳಿಗೆ ಮುಂದೆ ಇದಕ್ಕೂ ಟಿಪ್ಪಣಿ ಬೇಕಾದೀತು.) ಅದೇ ಖುತ್ಬಾದ ಹೆಸರಾದ ‘ಷಿಕ್‌ಷಿಕಿಯ್ಯ’ದ ಗತಿ ಬೇರೆ. ಮದವೇರಿದ ಗಂಡು ಒಂಟೆಯ ಬಾಯಿಂದ ಉಬ್ಬಿ ಹೊರಬಂದು ಇಳಿದುಹೋಗುವ ಚೀಲವೇ ಷಿಕ್‌ಷಿಕ. ನಡುವೆ ನಿಂತ ಮಾತನ್ನು ಮುಂದುವರಿಸಿರೆಂದು ಇಬ್ನ್ ಅಬ್ಬಾಸ್ ಕೋರಿದಾಗ, ಅದು ಹಾಗೆ ಉಕ್ಕಿ ಇಳಿದದ್ದೆಂದು ಅಲಿಯವರು ಉತ್ತರಿಸಿದರಂತೆ. ಇಲ್ಲಿ ‘ಆವೇಶ’ ಎಂದು ಅನುವಾದಿಸಿದರೆ ಅರ್ಥ ದಕ್ಕುತ್ತದೆ, ರೂಪಕ ಸಾಯುತ್ತದೆ. ಒಂಟೆಯನ್ನು ಉಳಿಸಿಕೊಂಡು ಅಡಿಟಿಪ್ಪಣಿ ಬರೆಯುವುದೇ ಲೇಸೆಂದು ನನ್ನ ಅಭಿಪ್ರಾಯ.

ನಿಜವಾದ ಕಗ್ಗಂಟು ಶಬ್ದಾಲಂಕಾರದ್ದು. ಛಂದಸ್ಸಿಲ್ಲದ ಗದ್ಯದಲ್ಲಿ ವಾಕ್ಯಖಂಡಗಳ ಕೊನೆ ಒಂದೇ ನಾದದಲ್ಲಿ ನಿಲ್ಲುವುದನ್ನು ಅರಬ್ಬಿಯಲ್ಲಿ ‘ಸಜ್‌ಅ’ ಎನ್ನುವರು. ಬೇರೆ ಬೇರೆ ಧಾತುಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಆ ಭಾಷೆಗೆ ಇದು ಸಹಜ: ಕಾತಿಬ್ (ಬರೆಯುವವ), ಆಲಿಮ್ (ಅರಿತವ), ಖಾದಿಮ್ (ಸೇವಕ) ಎಂಬವು ಒಂದೇ ಲಯದವು. ಕನ್ನಡದಲ್ಲಿ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುತ್ತದೆ. ಅಂತ್ಯಪ್ರಾಸಕ್ಕೆ ಹೊರಟವನಿಗೆ ಸುಲಭವಾಗಿ ಸಿಗುವುದು ‘-ತ್ತದೆ’, ‘-ತ್ತಾನೆ’ಗಳ ಏಕತಾನತೆ. ನಮ್ಮ ಪ್ರಾಚೀನ ಪದ್ಯದ ಕಡ್ಡಾಯ ಪ್ರಾಸವೂ ಪಾದದ ಕೊನೆಯಲ್ಲಿಲ್ಲ, ಎರಡನೆಯ ಅಕ್ಷರದಲ್ಲಿದೆ. ಅರಬ್ಬಿ ವಾಗ್ಮಿತೆಯನ್ನು ಕುರಿತು ‘ಅಲ್ ಬಯಾನ್ ವತ್ತಬ್ಯೀನ್’ ಬರೆದ ಬಸ್ರಾದ ಅಲ್ ಜಾಹಿಜ್‌ನೂ ‘ಕವಿರಾಜಮಾರ್ಗ’ವೂ 9ನೆಯ ಶತಮಾನಕ್ಕೇ ಸೇರಿದ್ದರೂ ಎರಡು ಭಾಷೆಗಳ ಕಿವಿಗಳು ಬೇರೆ.

ಆದುದರಿಂದ ಸಜ್‌ಅವನ್ನು ಪ್ರಾಸದಿಂದಲ್ಲ, ಸಮತೂಕದ ವಾಕ್ಯಖಂಡಗಳಿಂದ ತರಬೇಕು. ಅದರ ಮಾದರಿ ವಚನಗಳಲ್ಲಿದೆ: ಚಿಕ್ಕ ಖಂಡಗಳು, ಮರುಕಳಿಸುವ ವಾಕ್ಯರಚನೆ, ಉಸಿರಿಗೆ ತಕ್ಕ ನಿಲುಗಡೆ. ಖುತ್ಬಾ ಕೇಳುವುದಕ್ಕಾಗಿ ಹುಟ್ಟಿದ ಪ್ರಕಾರ. ಅದರ ಕನ್ನಡ ಕರಡನ್ನು ಮುದ್ರಣಕ್ಕೆ ಕೊಡುವ ಮೊದಲು ಅರಬ್ಬಿ ಅರಿಯದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು.