ನಡೆದ ದಾರಿಯ ನೆನಪಿರುವ ಹನಿ

ಎಸೆದ ಕಲ್ಲು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಲು ಈಗ ಅದು ಎಲ್ಲಿದೆ, ಎತ್ತ ಎಷ್ಟು ವೇಗದಲ್ಲಿ ಹೊರಟಿದೆ, ಅದರ ಮೇಲೆ ಯಾವ ಬಲಗಳಿವೆ ಎಂದು ತಿಳಿದರೆ ಸಾಕು. ಯಾವ ದಾರಿಯಿಂದ ಬಂತೆಂದು ನ್ಯೂಟನ್ನನ ನಿಯಮಗಳು ಕೇಳುವುದಿಲ್ಲ. ಪ್ಯಾರಿಸಿನ ಈವ್ ಕುಡೇರ್, ಇಮ್ಯಾನುಯೆಲ್ ಫೋರ್ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದ ಎಣ್ಣೆಹನಿಗೆ ಇಷ್ಟು ಸಾಲದು. ಅದರ ಮುಂದಿನ ಹೆಜ್ಜೆ ತಿಳಿಯಬೇಕಾದರೆ ಹಿಂದಿನ ಹೆಜ್ಜೆಗಳೂ ಗೊತ್ತಿರಬೇಕು.

ಸಿಲಿಕೋನ್ ಎಣ್ಣೆ ತುಂಬಿದ ತಟ್ಟೆಯನ್ನು ಸೆಕೆಂಡಿಗೆ ಹತ್ತಾರು ಸಲ ಮೇಲೆ ಕೆಳಗೆ ಅದುರಿಸುತ್ತಾರೆ. ಅದರ ಮೇಲೆ ಅದೇ ಎಣ್ಣೆಯ ಒಂದು ಹನಿ, ಗಾತ್ರ ಒಂದು ಮಿಲಿಮೀಟರಿಗೂ ಕಡಿಮೆ. ನಡುವೆ ಸಿಕ್ಕಿಕೊಂಡ ಗಾಳಿಯ ತೆಳುಪದರ ಜಾರಿಹೋಗುವ ಮೊದಲೇ ತಟ್ಟೆ ಹನಿಯನ್ನು ಮೇಲಕ್ಕೆ ಚಿಮ್ಮಿಸುವುದರಿಂದ ಅದು ಎಣ್ಣೆಯಲ್ಲಿ ಬೆರೆಯದೆ ಪುಟಿಯುತ್ತಲೇ ಇರುತ್ತದೆ. ಪುಟಿದಾಗಲೆಲ್ಲ ಒಂದು ಅಲೆ ಏಳುತ್ತದೆ. ಅದುರಾಟ ಜೋರಾದಾಗ ಹನಿ ಆ ಅಲೆಯ ಇಳಿಜಾರಿನ ಮೇಲೆ ಬಿದ್ದು, ಪಕ್ಕಕ್ಕೆ ಸರಿದು, ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ನಡೆಯತೊಡಗುತ್ತದೆ.

ಅದುರಾಟ ಒಂದು ಮಿತಿ ದಾಟಿದರೆ ಹನಿಯಿಲ್ಲದೆಯೂ ಎಣ್ಣೆಯಲ್ಲಿ ಅಲೆಗಳೇಳುತ್ತವೆ. ಇಂಥ ಅಲೆಗಳನ್ನು 1831ರಲ್ಲೇ ಮೈಕೇಲ್ ಫ್ಯಾರಡೆ ವರ್ಣಿಸಿದ್ದ. ಆ ಮಿತಿಗೆ ತುಸು ಕೆಳಗೇ ನಿಲ್ಲಿಸಿದರೆ ಹನಿ ಎಬ್ಬಿಸಿದ ಅಲೆ ಬೇಗ ಅಡಗುವುದಿಲ್ಲ. ಮುಂದಿನ ಸಲ ಹನಿ ಬೀಳುವ ಜಾಗದ ಏರುತಗ್ಗು ಹಿಂದಿನ ಎಷ್ಟೋ ನೆಗೆತಗಳು ಕೂಡಿ ಮಾಡಿದ್ದಾಗಿರುತ್ತದೆ. ಇದೇ ದಾರಿಯ ನೆನಪು. ಅದು ಉಳಿಯುವುದು ಎಣ್ಣೆಯ ಮೈಮೇಲೆ. ಅದುರಾಟವನ್ನು ಕೊಂಚ ಏರಿಸಿದರೆ ಈ ನೆನಪು ಉದ್ದವಾಗುತ್ತದೆ, ಇಳಿಸಿದರೆ ಗಿಡ್ಡವಾಗುತ್ತದೆ. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದು.

2010ರಲ್ಲಿ ಅದೇ ತಂಡ ತಟ್ಟೆಯನ್ನು ಅದುರಿಸುತ್ತಲೇ ತಿರುಗಿಸಿದ ಫಲಿತಾಂಶವನ್ನು ಪ್ರಕಟಿಸಿತು. ಹನಿ ವೃತ್ತವಾಗಿ ಸುತ್ತುತ್ತದೆ. ನೆನಪು ಗಿಡ್ಡವಿದ್ದಾಗ, ತಟ್ಟೆಯ ವೇಗ ಬದಲಾದಂತೆ ವೃತ್ತವೂ ಸ್ವಲ್ಪಸ್ವಲ್ಪವೇ ಹಿಗ್ಗುತ್ತದೆ, ಕುಗ್ಗುತ್ತದೆ. ನೆನಪು ಉದ್ದವಾದಾಗ ಹನಿ ತನ್ನದೇ ಹಳೆಯ ಅಲೆಗಳ ಮೇಲೆ ಮತ್ತೆ ಮತ್ತೆ ಹಾಯಬೇಕು. ಆಗ ಕೆಲವೇ ನಿರ್ದಿಷ್ಟ ಅಳತೆಯ ವೃತ್ತಗಳು ಉಳಿಯುತ್ತವೆ, ನಡುವಿನವು ಸಿಗುವುದಿಲ್ಲ. ಪರಮಾಣುವಿನಲ್ಲಿ ಎಲೆಕ್ಟ್ರಾನಿಗೂ ಕೆಲವೇ ಶಕ್ತಿಮಟ್ಟಗಳಿವೆಯಲ್ಲ! ಕಣವನ್ನು ಅಲೆಯೊಂದು ನಡೆಸುತ್ತದೆಂದು 1927ರ ಸಾಲ್ವೇ ಸಮ್ಮೇಳನದಲ್ಲಿ ಭೌತವಿಜ್ಞಾನಿ ಲೂಯಿ ದ ಬ್ರೋಯಿ ವಾದಿಸಿದ್ದು ಅನೇಕರಿಗೆ ನೆನಪಾಯಿತು.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಎರಡು ಸೀಳುಗಳ ಮೂಲಕ ಹಾಯ್ದ ಹನಿಗಳು ಎಲೆಕ್ಟ್ರಾನಿನಂಥದೇ ಪಟ್ಟೆಗಳನ್ನು ಮೂಡಿಸುತ್ತವೆಂದು 2006ರಲ್ಲಿ ಬಂದ ವರದಿ, ಡೆನ್ಮಾರ್ಕಿನ ಹೆಚ್ಚು ಎಚ್ಚರದ ಪ್ರಯೋಗಗಳಲ್ಲಿ ನಿಲ್ಲಲಿಲ್ಲ. ತಿರುಗುವ ತಟ್ಟೆಯ ಫಲಿತಾಂಶ ಮಾತ್ರ ಗಟ್ಟಿಯಾಗಿದೆ: ಅಮೆರಿಕದ ಎಂಐಟಿಯಲ್ಲಿ ಜಾನ್ ಬುಷ್ ತಂಡಕ್ಕೂ ಅದೇ ಬಿಡಿಬಿಡಿ ವೃತ್ತಗಳು ಸಿಕ್ಕಿವೆ.